ನಗರದ ರೈತರು ಯಾಕೆ ಎದ್ದರು?

(ಶಿವಮೊಗ್ಗ ಮತ್ತು ಭದ್ರಾವತಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಹಿಂದಿನ ಸಭೆಯಲ್ಲಿ ಭದ್ರಾವತಿಯ ಒಬ್ಬ ಸದಸ್ಯೆ ಕೇಳಿದ್ದರು: "ಸಾಲ ವಸೂಲಿಗೆ ಬರೋ ಹುಡುಗನೂ ನಮ್ಮಂಗೇ ಬಡವರ ಮನೆಯವನು. ಮತ್ಯಾಕೆ ಬಾಗಿಲಲ್ಲಿ ನಿಂತು ಹಂಗೆ ಕೂಗಾಡ್ತಾನೆ?" ಆ ಪ್ರಶ್ನೆಗೆ ಉತ್ತರ ಕೊಡಲು ನಾವು ಇದೇ ಜಿಲ್ಲೆಯಲ್ಲಿ 1830-31ರಲ್ಲಿ ನಡೆದ ರೈತರ ದಂಗೆಯ ಕಥೆ ಹೇಳುತ್ತೇವೆ. ಪುಸ್ತಕಗಳಲ್ಲಿ ಇದಕ್ಕೆ ನಗರದ ದಂಗೆ ಎಂದು ಹೆಸರು. ನಗರ ಎಂದರೆ ಪೇಟೆಯಲ್ಲ, ಈಗಿನ ಹೊಸನಗರ ತಾಲ್ಲೂಕಿನ ಬಿದನೂರು. ಆಗ ಶಿವಮೊಗ್ಗ ಸೀಮೆಯೆಲ್ಲ ನಗರದ ಫೌಜುದಾರಿಗೆ ಸೇರಿತ್ತು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರು ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಕೊಟ್ಟರು. ಸುಮ್ಮನೆ ಕೊಡಲಿಲ್ಲ. ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಕಂಪನಿಗೆ ಕಟ್ಟಬೇಕು. ಮಳೆ ಬರಲಿ ಬಿಡಲಿ, ಕಟ್ಟಲೇಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬೊಕ್ಕಸ ಬರಿದಾಗುತ್ತಾ ಬಂತು, ಸಿಪಾಯಿಗಳ ಸಂಬಳವೂ ಬಾಕಿ ಬಿತ್ತು.

ಆಗ ನಡೆಯುತ್ತಿದ್ದ ವಸೂಲಿ ಕ್ರಮಕ್ಕೆ 'ಶರತ್ತು' ಅನ್ನುತ್ತಿದ್ದರು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಅಮಲ್ದಾರನಾಗುವವನು ತನ್ನ ತಾಲ್ಲೂಕಿನಿಂದ ಇಷ್ಟು ಹಣ ತರುತ್ತೇನೆ ಎಂದು ಮೊದಲೇ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನೇ ತುಂಬಬೇಕು. ನಿಮ್ಮ ಸಂಘದ ಪ್ರತಿನಿಧಿಗೆ ಯಾರೋ ಬಂದು, "ಈ ವಾರ ಐದು ಸಾವಿರ ತರಲೇಬೇಕು, ಕಡಿಮೆಯಾದ್ರೆ ನಿನ್ನ ಓಲೆ ಮಾರಿ ಹಾಕು" ಅಂದರೆ ಆಯಮ್ಮ ಏನು ಮಾಡ್ತಾಳೆ? ಅಕ್ಕಪಕ್ಕದವರ ಮನೆ ಬಾಗಿಲು ಬಡೀತಾಳೆ. ಮಗುವಿಗೆ ಜ್ವರ ಇದೆ ಅಂದರೂ ಕೇಳೋದಿಲ್ಲ. ಕೆಟ್ಟವಳು ಅಂತ ಅಲ್ಲ, ಕೊರತೆ ಅವಳ ತಲೆ ಮೇಲಿದೆ. ಆಗಿನ ಅಮಲ್ದಾರನದೂ ಇದೇ ಸ್ಥಿತಿ. ಆದರೆ ಅವನ ಕೈಯಲ್ಲಿ ಸಿಪಾಯಿಗಳೂ ಇದ್ದರು.

ಇದರ ಜೊತೆಗೆ 1820ರ ದಶಕದಲ್ಲಿ ಧಾನ್ಯದ ಬೆಲೆ ಬಿತ್ತು. ಕಂದಾಯ ಮಾತ್ರ ನಗದಾಗಿ ಕೊಡಬೇಕು. ನಗರ ಸೀಮೆಯಲ್ಲಿ ಫೌಜುದಾರ ರಾಮರಾಯರ ನೆಂಟರು, ಆಪ್ತರೇ ವರ್ಷಗಟ್ಟಲೆ ಅಧಿಕಾರದಲ್ಲಿದ್ದರು. ಮೇಲೆ ದೂರು ಹೇಳಿದರೂ ಅದು ತಿರುಗಿ ಅವರ ಕಡೆಯವರ ಕೈಗೇ ಬರುತ್ತಿತ್ತು. ಆಮೇಲೆ ಬಂದ ಫೌಜುದಾರ ವೀರರಾಜೇ ಅರಸು ಲೆಕ್ಕ ತೆಗೆದು ನೋಡಿ, ಹಿಂದಿನವರು ಕೊಟ್ಟಿದ್ದ ಎಷ್ಟೋ ರಿಯಾಯಿತಿಗಳನ್ನು ರದ್ದು ಮಾಡಿದರು. ಮೋಸ ಹಿಡಿಯೋದು ಸರಿಯೇ. ಆದರೆ ಮೋಸದ ಹಣ ತಿಂದವರು ಯಾರೋ, ತುಂಬಬೇಕಾದವರು ರೈತರು! ನಮಗೆ ಕಾಣುವಂತೆ ಜನರ ತಾಳ್ಮೆ ಮುರಿದಿದ್ದು ಇಲ್ಲೇ.

1830ರಲ್ಲಿ ಊರೂರಲ್ಲಿ ರೈತರು ಕೂಟ ಸೇರಿದರು. ಪಟೇಲರು, ವ್ಯಾಪಾರಿಗಳು, ಸಾಮಾನ್ಯ ಒಕ್ಕಲು ಮಕ್ಕಳು ಎಲ್ಲರೂ ಬಂದರು. ಹೊಸಂತೆಯಲ್ಲಿ ಸೇರಿದ್ದವರ ಮೇಲೆ ಸರ್ಕಾರದ ಪಡೆ ನುಗ್ಗಿ ಜನ ಸತ್ತರು. ಬೂದಿ ಬಸವಪ್ಪ ಎಂಬಾತ ತಾನೇ ಬಿದನೂರು ಅರಸರ ವಂಶದವನು ಎಂದು ಮುದ್ರೆ ತೋರಿಸಿದ. ಅವನ ನಿಜ ಹೆಸರು ಸಾದರ ಮಲ್ಲ, ಹಿಂದೆ ಜೈಲು ಕಂಡವನು. ಹಳೆಯ ಬಾಕಿ ಪೂರಾ ಮನ್ನಾ, ಇನ್ನು ಮುಂದೆ ಒಂದು ವರಹ ಕೊಡುವಲ್ಲಿ ಒಂದೇ ರೂಪಾಯಿ ಎಂದು ಮಾತು ಕೊಟ್ಟ. ವರಹ ಅಂದರೆ ಸುಮಾರು ಮೂರು ರೂಪಾಯಿ! ಯಾರು ನಂಬೋದಿಲ್ಲ ಹೇಳಿ? ಇತ್ತ ಭದ್ರಾವತಿಗೆ, ಅಂದರೆ ಆಗಿನ ಬೆಂಕಿಪುರಕ್ಕೆ, ಹತ್ತಿರದ ತರೀಕೆರೆಯಲ್ಲಿ ಪಾಳೇಗಾರ ಮನೆತನದ ರಂಗಪ್ಪ ನಾಯಕನೂ ಎದ್ದ. ಅವನಿಗೆ ಕಳೆದುಹೋದ ಪಾಳೆಯಪಟ್ಟು ಬೇಕಿತ್ತು, ರೈತನಿಗೆ ಬೇಕಿದ್ದದ್ದು ಬಾಕಿ ಮನ್ನಾ. ಒಂದೇ ದಂಗೆಯಲ್ಲಿ ಇಂಥ ಬೇರೆ ಬೇರೆ ಆಸೆಗಳು.

1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರದ ಕೋಟೆ ಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜರ ಕೈಯಿಂದ ಆಡಳಿತ ಕಿತ್ತುಕೊಂಡ. ಒಡೆಯರ ಮನೆತನಕ್ಕೆ ಅದು ತಿರುಗಿ ಸಿಕ್ಕಿದ್ದು 1881ರಲ್ಲಿ. ದಂಗೆಯ ಕಾರಣ ತಿಳಿಯಲು ಇಂಗ್ಲಿಷರು ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟು ಮೈಸೂರಿನ ಆಡಳಿತವನ್ನು ದೂರಿತು. ವರ್ಷ ವರ್ಷ ತಪ್ಪದೆ ಕಪ್ಪ ಎಣಿಸಿಕೊಂಡವರು ಇಂಗ್ಲಿಷರೇ ಅನ್ನೋದನ್ನು ನಾವು ಮರೆಯುವ ಹಾಗಿಲ್ಲ.

ಈಗ ಆ ಸಹೋದರಿಯ ಪ್ರಶ್ನೆಗೆ ಬರೋಣ. ಬಾಗಿಲಿಗೆ ಬರುವ ಹುಡುಗನಿಗೂ ತಿಂಗಳಿಗೆ ಇಷ್ಟು ಎಂದು ಟಾರ್ಗೆಟ್ ಇರುತ್ತೆ. ಐದು ಜನರ ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರ ಮೇಲೆ ಹಾಕುವುದೂ ಆ ಶರತ್ತಿನ ತಮ್ಮನೇ. ಒಂದು ವ್ಯತ್ಯಾಸ ಉಂಟು. ಕಿರುಸಾಲ ವಸೂಲಿಯಲ್ಲಿ ಬೆದರಿಕೆ, ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಿದೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು. ಮುಂದಿನ ಸಭೆಗೆ ಬರುವಾಗ ಹೊರಗಿನ ಸಾಲ ಇರುವವರು ಕಂತಿನ ಕಾರ್ಡು, ರಸೀದಿ ಎಲ್ಲ ತನ್ನಿ. ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಒಟ್ಟಿಗೆ ಕೂತು ಲೆಕ್ಕ ಹಾಕೋಣ.