ಹಸಿ ತರಕಾರಿಯ ಕೋಸಂಬರಿ



ಸಾಲಾಡು ಎಂಬ ಹೆಸರಿನಿಂದ ಹೋಟೆಲುಗಳಲ್ಲಿ ತಟ್ಟೆಗೆ ಬರುವ ಪದಾರ್ಥವನ್ನು ಪರದೇಶದ್ದೆಂದು ಭಾವಿಸುವವರುಂಟು. ಬೆಂಕಿ ಸೋಕದ ತರಕಾರಿಗೆ ಉಪ್ಪು, ಹುಳಿ, ಎಣ್ಣೆಗಳನ್ನು ಕೂಡಿಸಿದರೆ ಅದು ಸಾಲಾಡು. ಈ ಲಕ್ಷಣವು ನಮ್ಮ ಕೋಸಂಬರಿಗೂ ಸಲ್ಲುತ್ತದೆ. ಅದನ್ನು ಶ್ರೀರಾಮನವಮಿಯ ಪಾನಕದ ಜೊತೆಗೂ ಮದುವೆಯ ಎಲೆಯ ತುದಿಗೂ ಮೀಸಲಿಟ್ಟಿರುವುದು ನಮಗೇ ನಷ್ಟ.

ಕೋಲಾರದ ಸೀಮೆಯಲ್ಲಿ ಸೊಪ್ಪುಸದೆಗಳ ರುಚಿಯನ್ನು ಬಲ್ಲವರಿಗೆ ಕೊರತೆಯಿಲ್ಲ. ಆದರೆ ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು ಎಲ್ಲವೂ ಬೇಯಿಸಿದವೇ. ರಾಗಿಮುದ್ದೆಗೆ ಸಾರು ಬೇಕಾದುದರಿಂದ ಇದು ಸಹಜ. ಆದರೆ ಸಿ ಜೀವಸತ್ತ್ವವು ಕಾವಿಗೆ ಬಹುಮಟ್ಟಿಗೆ ನಾಶವಾಗತಕ್ಕದ್ದು. ಕಾಳುಬೇಳೆಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಈ ಜೀವಸತ್ತ್ವದ ನೆರವು ಬೇಕು. ಹೆಸರುಬೇಳೆಯ ಮೇಲೆ ನಿಂಬೆಯ ರಸವನ್ನು ಹಿಂಡುವ ಪದ್ಧತಿ ರುಚಿಗಾಗಿ ಹುಟ್ಟಿರಬಹುದು, ಉಪಕಾರವಂತೂ ಇಮ್ಮಡಿ.

ಅರ್ಧ ಪಾವು ಹೆಸರುಬೇಳೆಯನ್ನು ಒಂದು ಗಂಟೆಯ ಕಾಲ ನೆನೆಹಾಕಿ ನೀರನ್ನು ಪೂರ್ತಿಯಾಗಿ ಬಸಿಯಬೇಕು. ಎರಡು ಎಳೆಯ ಸೌತೆಕಾಯಿಗಳನ್ನು ಸಿಪ್ಪೆಯೊಡನೆಯೇ ಸಣ್ಣಗೆ ಹೆಚ್ಚಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಹಸಿಮೆಣಸಿನಕಾಯಿ, ತುರಿದ ತೆಂಗಿನಕಾಯಿ ಇವುಗಳನ್ನು ಸೇರಿಸುವುದು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಬಲಿಯುವ ಕಾಲದಲ್ಲಿ ನಿಂಬೆಯನ್ನು ಬಿಟ್ಟು ಮಾವಿನಕಾಯಿಯ ತುರಿಯನ್ನೇ ಹಾಕಬಹುದು. ನಮ್ಮ ಮಟ್ಟಿಗೆ ಇದೇ ಮೇಲು. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವುಗಳ ಒಗ್ಗರಣೆಯನ್ನು ಮಾಡಿ ಆರಿದ ಮೇಲೆ ಸುರಿಯತಕ್ಕದ್ದು. ಉಪ್ಪನ್ನು ಮಾತ್ರ ಎಲೆಗೆ ಬಡಿಸುವ ಗಳಿಗೆಯಲ್ಲಿ ಹಾಕಬೇಕು. ಮೊದಲೇ ಬೆರೆಸಿದರೆ ಸೌತೆಯ ನೀರೆಲ್ಲ ಹೊರಬಿದ್ದು ಕೋಸಂಬರಿಯು ಸಾರಾಗುತ್ತದೆ!

ಖಾರವಾದ ರುಚಿ ಬೇಕೆನ್ನುವವರಿಗೆ ಇನ್ನೊಂದು ಮಾರ್ಗ ಉಂಟು. ಈ ಸೀಮೆಯ ರಾಗಿ ಹೊಲಗಳಲ್ಲಿ ಅಕ್ಕಡಿಸಾಲಾಗಿ ಅವರೆ, ತೊಗರಿಗಳೊಡನೆ ಹುಚ್ಚೆಳ್ಳನ್ನೂ ಬಿತ್ತುವ ರೂಢಿಯಿದೆ. ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆ, ಉಪ್ಪುಗಳನ್ನು ಕುಟ್ಟಿದ ಪುಡಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಲಸಿ ಸೌತೆಕಾಯಿಗೆ ಹಚ್ಚಿದರೆ, ಸೀಸೆಯಲ್ಲಿ ಮಾರುವ ಯಾವ ರಸವೂ ಅದಕ್ಕೆ ಸಮನಲ್ಲ.

ಇನ್ನು ನೀರಿನ ಮಾತು. ಅದನ್ನು ಬಿಟ್ಟು ಹಸಿ ತರಕಾರಿಯ ವಿಚಾರವನ್ನು ಹೇಳುವುದು ನ್ಯಾಯವಲ್ಲ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದ ಬಳಿಕ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದುವು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಅಂತರ್ಜಲವನ್ನು ಹೆಚ್ಚಿಸುವುದು ಅದರ ಉದ್ದೇಶ. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ರೈತರು ಕೇಳಿದರು. ಆ ಬೇಡಿಕೆಯು ಕೇವಲ ರೈತರದೆಂದು ಪಟ್ಟಣದ ನಾವು ತಿಳಿಯಲಾಗದು. ಮಾಲೂರಿನಿಂದ ಬೆಳಗಿನ ಜಾವ ಬರುವ ತರಕಾರಿಯನ್ನು ಉಣ್ಣುವವರು ನಾವೇ. ಕುದಿಯುವ ಸಾರು ಕ್ರಿಮಿಗಳನ್ನು ಕೊಲ್ಲುತ್ತದೆ, ಕೋಸಂಬರಿ ಕೊಲ್ಲಲಾರದು.

ಆದುದರಿಂದ ಹೆಚ್ಚುವುದಕ್ಕೆ ಮುಂಚೆಯೇ, ಹರಿಯುವ ಶುದ್ಧ ನೀರಿನಲ್ಲಿ, ಕೈಯಿಂದ ಉಜ್ಜಿ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ಸತ್ತ್ವವೂ ನೀರಿನ ಪಾಲಾಗುತ್ತದೆ. ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಅವಶ್ಯ. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ಎಲ್ಲ ಕ್ರಿಮಿಗಳೂ ಸಾಯುವುದಿಲ್ಲ. ಗರ್ಭಿಣಿಯರಿಗೂ ಬಹಳ ಚಿಕ್ಕ ಮಕ್ಕಳಿಗೂ ನೆಲಕ್ಕೆ ತಾಕಿ ಬೆಳೆದ ಸೊಪ್ಪನ್ನು ಬೇಯಿಸಿಯೇ ಕೊಡುವುದು ಕ್ಷೇಮ.

ಕಲಸಿದ ಕೋಸಂಬರಿಯನ್ನು ಒಡನೆಯೇ ಬಡಿಸುವುದು ಉತ್ತಮ. ಸ್ವಲ್ಪ ಮಿಕ್ಕರೆ ಗಟ್ಟಿ ಮೊಸರನ್ನು ಬೆರೆಸಿ ಅದೇ ಹೊತ್ತಿನ ಊಟಕ್ಕೆ ಮುಗಿಸಿಬಿಡಬಹುದು, ರಾತ್ರಿಗೆ ಇಡತಕ್ಕದ್ದಲ್ಲ.