ಗುಮ್ಮಟದ ನೆತ್ತಿಯ ಗಾಳಿ: ಅಣುಸ್ಥಾವರದ ಅನಿಲ ಲೆಕ್ಕವೂ ಅದರ ಒರೆಗಲ್ಲೂ

ಅಣುಸ್ಥಾವರದ ರಕ್ಷಾಕಟ್ಟಡದೊಳಗೆ ಹೈಡ್ರೋಜನ್ ಸೋರಿದಾಗ ಎಷ್ಟು ಸೋರಿತು ಎಂಬುದಕ್ಕಿಂತ ಎಲ್ಲಿ ನಿಂತಿತು ಎಂಬುದೇ ಹೆಚ್ಚು ಮುಖ್ಯ. ಗಾಳಿಯಲ್ಲಿ ಅದರ ಪಾಲು ಶೇ. 4 ದಾಟಿದರೆ ಕಿಡಿ ತಾಗಿ ಹೊತ್ತಿಕೊಳ್ಳಬಹುದು. ಇಡೀ ಕಟ್ಟಡದ ಸರಾಸರಿ ಶೇ. 3 ಇದ್ದು ಗುಮ್ಮಟದ ನೆತ್ತಿಯಲ್ಲಿ ಶೇ. 12 ಇದ್ದರೆ, ಆ ಸರಾಸರಿಯನ್ನು ನಂಬಿದವರು ಕೆಟ್ಟರು.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಒಕ್ಕಲು ಮನೆಗಳಿಗೆ ಈ ಸಂಗತಿ ತಲೆಕೆಳಗಾಗಿ ಗೊತ್ತು. ಜೋಳ ತುಂಬಿಡುವ ನೆಲಗುಂಡಿಯಾದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯುತ್ತಾರೆ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಹಾಗಾಗಿ ತಳದಲ್ಲಿ ಮಡುಗಟ್ಟುತ್ತದೆ. ಹೈಡ್ರೋಜನ್ ತೀರ ಹಗುರ, ಅದು ನೆತ್ತಿಗೆ ಏರಿ ನಿಲ್ಲುತ್ತದೆ. ಆದರೆ ಅಲ್ಲಿಗೆ ಕಂದೀಲು ಒಯ್ಯುವಂತಿಲ್ಲವಷ್ಟೆ! ಅದಕ್ಕೇ ಕಂಪ್ಯೂಟರ್ ಲೆಕ್ಕ ಬೇಕಾಗುತ್ತದೆ.

ಕರ್ನಾಟಕದ ಅಣುಸ್ಥಾವರ ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಮೇಲಿದೆ. ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳು. ಒಂದೊಂದಕ್ಕೂ ಕಾಂಕ್ರೀಟಿನ ಎರಡು ಪದರದ ರಕ್ಷಾಕಟ್ಟಡ. ಪ್ರತಿ ರಿಯಾಕ್ಟರಿನಲ್ಲಿ 306 ಕೊಳವೆಗಳಿದ್ದು, ಇಂಧನವನ್ನು ಹೊದ್ದಿರುವ ಲೋಹ ಜಿರ್ಕೋನಿಯಂ ಮಿಶ್ರಲೋಹ. ತಂಪು ತಪ್ಪಿ ಅದರ ಬಿಸಿ 1,200 ಡಿಗ್ರಿ ಸೆಲ್ಸಿಯಸ್‌ನತ್ತ ಏರಿದರೆ ಲೋಹವು ಹಬೆಯ ಆಮ್ಲಜನಕವನ್ನು ಬಿರುಸಾಗಿ ಕಸಿದುಕೊಂಡು ಹೈಡ್ರೋಜನ್ನನ್ನು ಹೊರಬಿಡುತ್ತದೆ. ಒಂದು ಕಿಲೋ ಜಿರ್ಕೋನಿಯಂ ಪೂರ್ತಿ ಹೀಗೆ ಕಿಲುಬಾದರೆ ಸುಮಾರು ಅರ್ಧ ಘನಮೀಟರ್ ಅನಿಲ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಹೀಗೆ ಹುಟ್ಟಿದ ಹೈಡ್ರೋಜನ್ ರಕ್ಷಾಕಟ್ಟಡದೊಳಗೇ ಉರಿಯಿತು, ಕಟ್ಟಡ ತಡೆದುಕೊಂಡಿತು. ಫುಕುಶಿಮಾದಲ್ಲಿ 2011ರ ಮಾರ್ಚ್ 15ರಂದು ಸಿಡಿದ ನಾಲ್ಕನೇ ಘಟಕದ ರಿಯಾಕ್ಟರಿನಲ್ಲಿ ಇಂಧನವೇ ಇರಲಿಲ್ಲ. ಮೂರನೇ ಘಟಕದ ಅನಿಲ, ಎರಡಕ್ಕೂ ಸೇರಿದ ಕೊಳವೆಯ ಮೂಲಕ ಅಲ್ಲಿಗೆ ನುಸುಳಿತ್ತು.

ಹಳೆಯ ಬಗೆಯ ಲೆಕ್ಕದಲ್ಲಿ ಒಂದು ಕೋಣೆಗೆ ಒಂದೇ ಅಂಕಿ. ಹೊಸ ಬಗೆಯದು ಕಟ್ಟಡದ ಗಾಳಿಯನ್ನು ಲಕ್ಷಾಂತರ ಚೌಕಗಳಾಗಿ ಸೀಳಿ, ಒಂದೊಂದರಲ್ಲೂ ವೇಗ, ಬಿಸಿ, ಅನಿಲದ ಪಾಲು ಎಣಿಸುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಮೇಲೆ ಹಾಸು-ಹೊಕ್ಕಿನ ನಡುವೆ ಬೀಳುವ ಕಣ್ಣುಗಳಂತೆ ಈ ಚೌಕಗಳು. ಎಳೆ ವಿರಳವಾದರೆ ಹೂವಿನ ಅಂಚು ಮೂಡದು. ಚೌಕ ದೊಡ್ಡದಾದರೆ ಹಗುರ ಪದರದ ಅಂಚೂ ಮಸುಕಾಗಿ, ಇಲ್ಲದ ಬೆರಕೆಯನ್ನು ಲೆಕ್ಕ ಇದೆ ಎನ್ನುತ್ತದೆ. ಸುಳಿಗಳ ತೊಡಕೂ ಇದೆ. ಅವನ್ನೆಲ್ಲ ನೇರವಾಗಿ ಎಣಿಸಲಾಗದ್ದರಿಂದ ಅಂದಾಜಿನ ಸೂತ್ರ ಹಾಕುತ್ತಾರೆ. ಯಾವ ಸೂತ್ರ ನಂಬಿಕೆಗೆ ಅರ್ಹ ಎಂಬುದನ್ನು ಪ್ರಯೋಗವೇ ಹೇಳಬೇಕು.

ಪ್ರಯೋಗಕ್ಕೆ ಸಾಮಾನ್ಯವಾಗಿ ಹೈಡ್ರೋಜನ್ ಬದಲು ಹೀಲಿಯಂ ಬಳಸುತ್ತಾರೆ. ಗಾಳಿಯ ಅಣುತೂಕ ಸರಾಸರಿ 29, ಹೈಡ್ರೋಜನ್ನಿನದು 2, ಹೀಲಿಯಂನದು 4. ಏರುವ ಬಲದಲ್ಲಿ ಸ್ವಲ್ಪವೇ ಅಂತರ, ಆದರೆ ಹೀಲಿಯಂ ಉರಿಯದು. ಸ್ವಿಟ್ಜರ್‌ಲೆಂಡಿನ ಪಾಲ್ ಶೆರರ್ ಸಂಸ್ಥೆಯ ‘ಪಾಂಡಾ’ ಸ್ಥಾವರದಲ್ಲಿ 8 ಮೀಟರ್ ಎತ್ತರ, 4 ಮೀಟರ್ ಅಗಲದ ಹಂಡೆಯ ಮೇಲ್ಭಾಗಕ್ಕೆ ಹೀಲಿಯಂ ಪದರ ಕೂರಿಸಿ, ನಡುವಿನಿಂದ ಕೊಂಚ ಸರಿದ ಕೊಳವೆಯಿಂದ ಮೇಲ್ಮುಖವಾಗಿ ಅನಿಲ ಚಿಮ್ಮಿಸಿ, ಪದರ ಎಷ್ಟು ಹೊತ್ತಿಗೆ ಸವೆಯುತ್ತದೆ ಎಂದು ಅಳೆದರು. ನಾನಾ ದೇಶದ ತಂಡಗಳು ಅಳತೆಯ ಫಲಿತಾಂಶ ನೋಡದೆಯೇ ತಮ್ಮ ಲೆಕ್ಕ ಒಪ್ಪಿಸಬೇಕಿತ್ತು. ಉತ್ತರಗಳು ಚೆದುರಿದವು. ಈ ‘ಕುರುಡು’ ಪರೀಕ್ಷೆಯೇ ಪ್ರಾಮಾಣಿಕ ಒರೆಗಲ್ಲು. ಉತ್ತರ ಗೊತ್ತಾದ ಮೇಲೆ ಸೂತ್ರದ ಕಿವಿ ಹಿಂಡಿ ಹೊಂದಿಸುವುದು ಸುಲಭ.

ಭಾರತದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಟ್ರಾಂಬೆಯಲ್ಲಿ ಕೈಗಾ ಮಾದರಿಯ 220 ಮೆಗಾವಾಟ್ ಸ್ಥಾವರದ ರಕ್ಷಾಕಟ್ಟಡವನ್ನು ಘನಗಾತ್ರದಲ್ಲಿ 250ನೇ ಒಂದು ಪಾಲಿಗೆ ಇಳಿಸಿ ಕಟ್ಟಿದೆ. ಕುಗ್ಗಿಸುವುದರಲ್ಲಿ ಒಂದು ಮೋಸವಿದೆ. ಘನಗಾತ್ರ 250 ಪಟ್ಟು ಇಳಿದರೆ, ಅದೇ ಆಕಾರದಲ್ಲಿ ಉದ್ದಗಲ ಇಳಿಯುವುದು ಆರು ಪಟ್ಟು ಚಿಲ್ಲರೆ ಮಾತ್ರ. ಅಂದರೆ ಒಂದೊಂದು ಘನಮೀಟರ್ ಅನಿಲಕ್ಕೆ ಆರು ಪಟ್ಟು ಹೆಚ್ಚು ಗೋಡೆ. ಗೋಡೆ ಹೆಚ್ಚಾದಷ್ಟೂ ಹಬೆ ಬೇಗ ನೀರಾಗುತ್ತದೆ.

ಹಬೆಯ ಈ ವಿಷಯ ಸಣ್ಣದಲ್ಲ. ಹಬೆ ಶೇ. 55ರ ಆಸುಪಾಸು ಮೀರಿದರೆ ಹೈಡ್ರೋಜನ್ ಹೊತ್ತುವುದಿಲ್ಲ. ಗೋಡೆಯ ತಂಪಿಗೋ ನೀರಿನ ಸಿಂಪಡಣೆಗೋ ಹಬೆ ಇಳಿದಾಗ, ಒಂದು ತೊಟ್ಟು ಹೊಸ ಹೈಡ್ರೋಜನ್ ಸೇರದೆಯೂ ಮಿಶ್ರಣ ಅಪಾಯದ ಅಂಚಿಗೆ ಬರುತ್ತದೆ. ಒತ್ತಡ ಇಳಿಸಲು ಮಾಡಿದ ಉಪಾಯವೇ ಬೆಂಕಿಗೆ ದಾರಿಯಾಗಬಹುದು. ಆದ್ದರಿಂದ ಬರೀ ಹೀಲಿಯಂನಿಂದ ಗೆದ್ದ ಲೆಕ್ಕವನ್ನು ಹಬೆ ಬೆರೆತ ಪ್ರಯೋಗದಲ್ಲಿ ಮತ್ತೆ ಒರೆಗೆ ಹಚ್ಚಬೇಕು.

ಇಂಥ ಲೆಕ್ಕದ ಮೇಲೆಯೇ ವೇಗವರ್ಧಕ ಪೆಟ್ಟಿಗೆಗಳ ಜಾಗ ಗೊತ್ತಾಗುವುದು. ಪ್ಲಾಟಿನಂ ಅಥವಾ ಪೆಲ್ಲಾಡಿಯಂ ಸವರಿದ ಅವುಗಳ ತಗಡುಗಳು ಕರೆಂಟಿಲ್ಲದೆಯೇ ಹೈಡ್ರೋಜನ್ನನ್ನು ಆಮ್ಲಜನಕದೊಡನೆ ಕೂಡಿಸಿ ಹಬೆಯಾಗಿಸುತ್ತವೆ. ಆ ಬಿಸಿಗೆ ಪೆಟ್ಟಿಗೆಯೊಳಗಿನ ಗಾಳಿ ಮೇಲೇರಿ, ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಗೆ ಪೆಟ್ಟಿಗೆಯೇ ಕಟ್ಟಡದ ಗಾಳಿಯನ್ನು ಕಲಕುವುದರಿಂದ, ಅದನ್ನೂ ಚೌಕಗಳ ಲೆಕ್ಕಕ್ಕೆ ಸೇರಿಸಿ ಮತ್ತೊಮ್ಮೆ ಎಣಿಸಬೇಕಾಗುತ್ತದೆ.