ದೋಣಿ ನಡೆಸುವ ವಿದ್ಯೆ
(ಕಂಬೈನಲ್ಲೂರಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರದಿಂದ ಇಷ್ಟು ದೂರದಲ್ಲಿರುವ ನಮಗೆ ದೋಣಿಯ ವಿದ್ಯೆಯಿಂದ ಆಗಬೇಕಾದುದೇನು ಎಂದು ತಾವು ಕೇಳಬಹುದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ತೆನ್‌ಪೆಣ್ಣೆಯೆಂಬ ಹೆಸರಿನಿಂದ ನಮ್ಮ ಕಡೆ ಹರಿಯುತ್ತಿದೆ. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಕಾವೇರಿಯು ಹೊಗೇನಕಲ್ಲಿನಲ್ಲಿ ಧುಮುಕುತ್ತಾಳೆ. ನಮ್ಮ ಮಕ್ಕಳು ವಿಹಾರಕ್ಕೆ ಹೋಗುವುದು ಅಲ್ಲಿಗೆ, ಹತ್ತುವುದು ಹರಿಗೋಲನ್ನು. ಆದಕಾರಣ ಇದು ನಮ್ಮ ಮನೆಯ ಬಾಗಿಲಿಗೇ ಬಂದ ವಿಷಯ.

ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ ಹುಡುಗರೊಡನೆ ಅಲ್ಲಿಗೆ ಹೋಗಿದ್ದೆ. ಹರಿಗೋಲು ತುಂಬಿತ್ತು, ದಡದಲ್ಲಿ ಇಬ್ಬರು ಹುಡುಗರು ಉಳಿದಿದ್ದರು. "ಚಿಕ್ಕ ಮಕ್ಕಳಪ್ಪಾ, ಹತ್ತಿಸಿಕೋ" ಎಂದೆ. ಅಂಬಿಗನು, "ಆಗದು ಸ್ವಾಮಿ, ಇನ್ನೊಂದು ಸಲ ಬರುತ್ತೇನೆ" ಎಂದನು. ಹೆಚ್ಚು ಕೂಲಿಯ ಆಸೆ ತೋರಿಸಿದೆ, ಅವನು ಕದಲಲಿಲ್ಲ. ನನಗೆ ಕೋಪವೇ ಬಂದಿತು. ನಡುಹೊಳೆಯಲ್ಲಿ ಅಬ್ಬಿಯನ್ನು ನೋಡುವ ಉತ್ಸಾಹದಲ್ಲಿ ಒಬ್ಬ ಹುಡುಗ ಥಟ್ಟನೆ ಎದ್ದುನಿಂತನು. ಹರಿಗೋಲು ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿತು. ಅಂಬಿಗನು ಗದರಿಸಿ ಅವನನ್ನು ಕೂರಿಸಿದನು. ಇನ್ನಿಬ್ಬರು ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿದ್ದ ನಿಜವಾದ ಉಪಾಧ್ಯಾಯನು ಅವನು, ನಾನಲ್ಲ.

ದೋಣಿಯ ವಿದ್ಯೆಯ ಮೊದಲ ಪಾಠ ಹುಟ್ಟು ಹಾಕುವುದಲ್ಲ, 'ಆಗದು' ಎನ್ನುವುದು. ಈ ಮಾತನ್ನು ಹೇಳಬಲ್ಲವನೇ ನಾವಿಕ.

ಹರಿಗೋಲಿನ ತಳ ಚಪ್ಪಟೆ, ಆಕಾರ ದುಂಡು. ಆದ್ದರಿಂದ ಅದು ಕಡಮೆ ನೀರಿನಲ್ಲಿಯೂ ಬಂಡೆಗಳ ನಡುವೆ ತೇಲಬಲ್ಲದು; ಅದೇ ಕಾರಣದಿಂದ ಸುಲಭವಾಗಿ ಗಿರಕಿ ಹೊಡೆಯುತ್ತದೆ. ಭಾರವು ಕೆಳಗೆ, ಸುತ್ತಲೂ ಸಮನಾಗಿ ಇರಬೇಕು. ಎದ್ದುನಿಂತವನು ಭಾರವನ್ನು ಮೇಲಕ್ಕೆ ಒಯ್ಯುತ್ತಾನೆ. ಎಲ್ಲರೂ ಒಂದೇ ಕಡೆಗೆ ಬಾಗಿದರೆ ಮಗುಚಲು ಗಾಳಿಯೂ ಬೇಕಿಲ್ಲ.

ಎರಡನೆಯ ಪಾಠ ನೀರನ್ನು ಓದುವುದು. ನಮ್ಮಲ್ಲಿ ಆಕಾಶ ಬೆಳ್ಳಗಿದ್ದರೂ ಕೊಡಗಿನಲ್ಲಿ, ವೈನಾಡಿನಲ್ಲಿ ಬಿದ್ದ ಮಳೆಯು ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳನ್ನು ತುಂಬಿ ಹೊಗೇನಕಲ್ಲಿಗೆ ಇಳಿದು ಬರುತ್ತದೆ. ಬಿಳಿಗುಂಡ್ಲುವಿನಲ್ಲಿ ಅಳೆದ ನೀರಿನ ಪ್ರಮಾಣ ಏರಿದಾಗ ಜಿಲ್ಲಾಡಳಿತವು ಹರಿಗೋಲುಗಳನ್ನು ನಿಲ್ಲಿಸುವುದು ಇದರಿಂದಲೇ. ಕಣ್ಣಿಗೆ ಕಾಣದ ಮಳೆಯನ್ನೂ ನಾವಿಕನು ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ನಿಯಮ. ರಸ್ತೆಯಲ್ಲಿ ನಾವು ಎಡಕ್ಕೆ ಸರಿಯುತ್ತೇವೆ. ಆದರೆ 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಗಳ ಪ್ರಕಾರ ಎದುರುಬದುರಾಗಿ ಬರುವ ಎರಡು ಯಂತ್ರದೋಣಿಗಳು ಬಲಕ್ಕೆ ತಿರುಗಬೇಕು. ಯಂತ್ರದೋಣಿಯು ಸಾಮಾನ್ಯವಾಗಿ ಹಾಯಿದೋಣಿಗೆ ದಾರಿ ಬಿಡಬೇಕು. ಬಲವುಳ್ಳವನು ಬಲವಿಲ್ಲದವನಿಗೆ ಎಡೆಗೊಡುವ ಧರ್ಮ ಇದರಲ್ಲಿದೆ.

ಇಂಗ್ಲೆಂಡಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯು ವಿಹಾರಕ್ಕಾಗಿ ಹಾಯಿದೋಣಿ ನಡೆಸುವವರಿಗೆ ಈ ವಿದ್ಯೆಯನ್ನು ಮೆಟ್ಟಿಲುಮೆಟ್ಟಿಲಾಗಿ ಕಲಿಸುತ್ತದೆ. ಮೊದಲು ದೋಣಿಯಲ್ಲಿ ಒಳ್ಳೆಯ ಸಹಾಯಕನಾಗುವುದು, ಬಳಿಕ ಹಗಲಿನ ಪಯಣದ ನಾಯಕ, ಅನಂತರ ಕರಾವಳಿಯ ನಾಯಕ, ಕಡೆಗೆ ಯಾಟ್‌ಮಾಸ್ಟರ್. ಆಜ್ಞೆಯನ್ನು ಪಾಲಿಸಲು ಕಲಿತವನಿಗೇ ಆಜ್ಞೆ ಮಾಡುವ ಅಧಿಕಾರ. ನಮ್ಮ ನೌಕಾಪಡೆಯ ಆರು ಮಂದಿ ಮಹಿಳೆಯರು 'ತಾರಿಣಿ'ಯೆಂಬ ಹಾಯಿನೌಕೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಆ ಸಾಹಸದ ಹಿಂದೆ ವರ್ಷಗಳ ಅಭ್ಯಾಸವಿತ್ತು. ಕನ್ನಡನಾಡಿನಲ್ಲಿಯೂ ಶರಾವತಿಯ ಹಿನ್ನೀರಿನ ಹೊನ್ನೇಮರಡುವಿನಲ್ಲಿ ತರುಣರಿಗೆ ನೀರಿನ ಸಾಹಸಗಳ ತರಬೇತಿ ದೊರೆತಿದೆ.

ವಿದ್ಯೆಯಿಲ್ಲದ ಕಡೆ ಏನಾಗುತ್ತದೆಂಬುದನ್ನೂ ಹೇಳಲೇಬೇಕು. 2024ರ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ ವಿಹಾರಕ್ಕೆ ಬಂದ ಶಾಲಾಮಕ್ಕಳ ದೋಣಿ ಮಗುಚಿತು. 12 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮಡಿದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದು ಸಮುದ್ರವಲ್ಲ, ಊರಿನ ಕೆರೆ. ಅಲ್ಲಿ ಒಬ್ಬರು ಗಟ್ಟಿಯಾಗಿ 'ಆಗದು' ಎಂದಿದ್ದರೆ!

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟು. ದೋಣಿಗಳನ್ನು ಕೊಳ್ಳಿರೆಂದು ನಾನು ಕೇಳುವುದಿಲ್ಲ. ಮೇಲಿನ ತರಗತಿಯ ಬಾಲಕ ಬಾಲಕಿಯರಿಗೆ ತಿಳಿದವರ ಕಣ್ಗಾವಲಿನಲ್ಲಿ ಈಜು ಕಲಿಸುವ ಏರ್ಪಾಡಾಗಲಿ. ಪ್ರವಾಸಕ್ಕೆ ಹೊರಡುವ ಮುನ್ನ ಒಂದು ದಿನ ಜಾಕೆಟ್ ಕಟ್ಟಿಕೊಳ್ಳುವುದನ್ನೂ ದೋಣಿಯಲ್ಲಿ ಕುಳಿತುಕೊಳ್ಳುವುದನ್ನೂ ಅಭ್ಯಾಸ ಮಾಡಿಸೋಣ. ದೋಣಿ ಮಗುಚಿದರೂ ತೇಲುತ್ತಿದ್ದರೆ ಅದನ್ನು ಬಿಡದೆ ಹಿಡಿದುಕೊಳ್ಳಬೇಕೆಂಬುದನ್ನೂ ತಿಳಿಸೋಣ. ಸಂಘದ ವೆಚ್ಚದಲ್ಲಿ ಇದು ದೊಡ್ಡ ಮೊತ್ತವಾಗಲಾರದು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯಿದೆ. ನನಗೆ ಮಾತ್ರ ಆ ಹಂಗು ಇನ್ನೂ ತೀರಿಲ್ಲ. ಅಂದು ದಡದಲ್ಲಿ ಉಳಿದ ಆ ಇಬ್ಬರು ಹುಡುಗರು ಎರಡನೆಯ ಸಲ ನಗುನಗುತ್ತ ಹೊಳೆ ಸುತ್ತಿ ಬಂದರು. ಅಂಬಿಗನಿಗೆ ನಾನು ಕೃತಜ್ಞತೆ ಹೇಳದೆಯೇ ಹಿಂತಿರುಗಿದೆ. ಇಂದು ಈ ಸಭೆಯ ಮುಂದೆ ಅದನ್ನು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.